ಬಿಳಿ ಮರಳಿನ ಕೆಳಗೊಂದು ಒರತೆ

ಮೊದಲು ತೇವ ಗೊತ್ತಾಗಿದ್ದು ಅಮ್ಮನ ಕೈಗೆ.

ಎರಡು ಮರಳುದಿಬ್ಬಗಳ ನಡುವಿನ ತಗ್ಗಿನಲ್ಲಿ ಕಾಲು ನೀಡಿ ಕೂತಿದ್ದಳು. ಪಕ್ಕದಲ್ಲಿ ಎರಡೂವರೆ ವರ್ಷದ ಪುಟ್ಟಿ. ಅವಳನ್ನು ಆಡಿಸುತ್ತಾ ಸುಮ್ನೆ ಮರಳು ಕೆದಕುತ್ತಿದ್ದಳು ಅಮ್ಮ. ಮೇಲಿನ ಮರಳು ಒಣಗಿ, ಚಿರೋಟಿ ರವೆಯ ಹಾಗೆ ಬೆರಳ ಸಂದಿಯಿಂದ ಜಾರುತ್ತಿತ್ತು. ಒಂದು ಗೇಣು ಒಳಗೆ ಹೋದಮೇಲೆ ಜಾರುವುದು ನಿಂತಿತು. ಅಮ್ಮ ಒಂದು ಹಿಡಿ ಮೇಲೆತ್ತಿದಳು. ಮುಷ್ಟಿಯಲ್ಲಿ ಒತ್ತಿ, ಬಿಚ್ಚಿ ನೋಡಿದಳು. ಉಂಡೆ ಒಡೆಯಲಿಲ್ಲ. ನಾಲ್ಕು ಬೆರಳಿನ ಗುರುತೂ ಅದರ ಮೇಲೆ ನಿಂತಿತ್ತು. ಅದನ್ನು ಕೆನ್ನೆಗೆ ಇಟ್ಟುಕೊಂಡಳು.

"ಇಲ್ಲಿ ನೋಡೇ, ಒರತೆ ಇದೆ" ಅಂದಳು.

"ಇದು ಮರುಭೂಮಿ ಅಮ್ಮಾ" ಅಂದೆ ನಾನು.

"ಮರುಭೂಮಿಯಾದರೇನು, ಕೆಳಗೆ ನೀರಿದೆ."

ಒರತೆ ಅಂದರೆ ಗೊತ್ತಲ್ವಾ? ಬೇಸಿಗೆಯಲ್ಲಿ ಹೊಳೆ ಬತ್ತಿ ಬರೀ ಮರಳಾದಾಗ, ಆ ಮರಳಲ್ಲೇ ಗುಂಡಿ ತೋಡಿ ನೀರು ಬರಿಸಿಕೊಳ್ಳುವುದು. ಕೆಲವು ಕಡೆ ಚಿಲುಮೆ ಅನ್ನುತ್ತಾರೆ. ಅಮ್ಮ ಚಿಕ್ಕವಳಿದ್ದಾಗ ಅದು ಅವಳ ಪಾಲಿನ ಕೆಲಸ. ತೋಡಿದ ಕೂಡಲೇ ಬರುವುದು ಕದಡು ನೀರು. ಅದನ್ನು ಚೆಲ್ಲಬೇಕು. ಮತ್ತೆ ಊರುತ್ತದೆ, ಮತ್ತೆ ಚೆಲ್ಲಬೇಕು. ಮೂರನೆಯ ಸಲಕ್ಕೆ ತಿಳಿಯಾಗುತ್ತದೆ. ಆಗ ತೆಂಗಿನ ಚಿಪ್ಪಿನಲ್ಲಿ ಮೊಗೆದು ಮೊಗೆದು ಕೊಡ ತುಂಬಿಸಬೇಕು. ಅವಸರ ಮಾಡಿದರೆ ಪಕ್ಕದ ಮರಳು ಕುಸಿದು ಗುಂಡಿಯೇ ಮುಚ್ಚಿಹೋಗುತ್ತದೆ. ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದೇನೆ. ಅರವತ್ತು ವರ್ಷದ ಮೇಲೂ ಅವಳ ಕೈಗೆ ಅದು ನೆನಪಿದೆ ಅಂತ ಗೊತ್ತಾಗಿದ್ದು ಆವತ್ತು.

ಇದು ನಡೆದಿದ್ದು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ವೈಟ್ ಸ್ಯಾಂಡ್ಸ್ ನ್ಯಾಷನಲ್ ಪಾರ್ಕಿನಲ್ಲಿ, ನವೆಂಬರಿನ ಒಂದು ಶನಿವಾರ. ನಾವಿರುವುದು ಟೆಕ್ಸಾಸಿನ ಎಲ್ ಪಾಸೊದಲ್ಲಿ. ಅಲ್ಲಿಂದ ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ದಾರಿ. ಬೆಳಿಗ್ಗೆ ಹೋಗಿ ಕತ್ತಲಾಗುವಷ್ಟರಲ್ಲಿ ಹೊರಟು ಬರಬಹುದು. ಅಮ್ಮ ಆರು ತಿಂಗಳಿಗೆ ಅಂತ ಬಂದಿದ್ದಳು. ಮಂಡಿನೋವು. ಮರಳಲ್ಲಿ ನಡೆಯಲಾರಳು, ಕಾರಿನಲ್ಲೇ ಕೂತು ನೋಡಲಿ, ಸಂಜೆಗೆ ವಾಪಸ್ ಬಂದರಾಯಿತು ಅನ್ನುವುದು ನನ್ನ ಲೆಕ್ಕ.

ಲಾಸ್ ಕ್ರೂಸಸ್ ದಾಟಿ 70ನೇ ಹೆದ್ದಾರಿ ಹಿಡಿದರೆ ರಸ್ತೆ ಆರ್ಗನ್ ಬೆಟ್ಟಗಳ ಪಕ್ಕದಲ್ಲಿ ಏರುತ್ತಾ ಹೋಗುತ್ತದೆ. ಸ್ಯಾನ್ ಅಗಸ್ಟಿನ್ ಘಟ್ಟದ ನೆತ್ತಿಗೆ ಬಂದ ಕೂಡಲೇ ಎದುರಿಗೆ ಟುಲರೋಸಾ ಬಯಲು ಪೂರ್ತಿ ತೆರೆದುಕೊಂಡಿತು. ಕಂದು ಬಯಲು, ಆಚೆಗೆ ನೀಲಿ ಬೆಟ್ಟ. ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ ಮಿನುಗುತ್ತಿತ್ತು.

"ಅಲ್ಲಿ ಕೆರೆ ಇದೆಯಾ?" ಅಂದಳು ಅಮ್ಮ ಹಿಂದಿನ ಸೀಟಿನಿಂದ.

ಒಂದು ಕಾಲಕ್ಕೆ ಇತ್ತು. ಹಿಮಯುಗದಲ್ಲಿ ಈ ಬಯಲಿನಲ್ಲಿ ದೊಡ್ಡ ಸರೋವರವೇ ಇತ್ತು. ಈಗ ಅದನ್ನು ಓಟೆರೊ ಸರೋವರ ಅಂತ ಕರೆಯುತ್ತಾರೆ. ಬಯಲಿನ ಎರಡು ಕಡೆಯೂ ಬೆಟ್ಟ. ಪಶ್ಚಿಮಕ್ಕೆ ಸ್ಯಾನ್ ಆಂಡ್ರೆಸ್, ಪೂರ್ವಕ್ಕೆ ಸ್ಯಾಕ್ರಮೆಂಟೊ. ಇಲ್ಲಿ ಬಿದ್ದ ನೀರು ಹರಿದು ಸಮುದ್ರ ಸೇರಲು ದಾರಿಯೇ ಇಲ್ಲ. ಬಂದ ನೀರು ಇಲ್ಲೇ ನಿಲ್ಲಬೇಕು, ಇಲ್ಲೇ ಇಂಗಬೇಕು, ಇಲ್ಲೇ ಆರಬೇಕು. ಹಿಮಯುಗ ಮುಗಿದು ಬಿಸಿಲು ಏರಿದಾಗ ಸರೋವರ ಆರಿತು. ನೀರಿನಲ್ಲಿ ಕರಗಿದ್ದದ್ದೆಲ್ಲಾ ತಳದಲ್ಲಿ ಉಳಿಯಿತು. ಅಮ್ಮ ಘಟ್ಟದ ಮೇಲಿಂದ ನೋಡಿದ್ದು ಅದನ್ನೇ.

ಹೋಗುವವರಿಗೆ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಾರ್ಕಿನ ಸುತ್ತ ಇರುವುದು ಸೇನೆಯ ಕ್ಷಿಪಣಿ ಪರೀಕ್ಷೆಯ ಜಾಗ. ಪರೀಕ್ಷೆ ಇದ್ದ ದಿನ ಹೆದ್ದಾರಿಯನ್ನೇ ಒಂದೆರಡು ಗಂಟೆ ಮುಚ್ಚುವುದುಂಟು. ಹಿಂದಿನ ದಿನವೇ ಪಾರ್ಕಿನ ವೆಬ್‌ಸೈಟ್ ನೋಡಿಕೊಳ್ಳಿ. ಇನ್ನೊಂದು, ಲಾಸ್ ಕ್ರೂಸಸ್ ಕಡೆಗೆ ವಾಪಸ್ ಬರುವಾಗ ಹೆದ್ದಾರಿಯಲ್ಲಿ ಗಡಿ ಕಾವಲಿನವರ ತಪಾಸಣೆ ಇದೆ. ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಅವರ ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ.

ಪಾರ್ಕಿನ ಬಾಗಿಲಲ್ಲಿ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿದ ಹಳೆಯ ಕಟ್ಟಡವಿದೆ, 1930ರ ದಶಕದ್ದು. ಅಮ್ಮ ಒಳಗೆ ಹೋಗುವ ಮೊದಲು ಗೋಡೆಯನ್ನು ಅಂಗೈಯಿಂದ ಸವರಿದಳು. ಈ ಜಾಗಕ್ಕೆ ರಕ್ಷಣೆ ಸಿಕ್ಕಿದ್ದು 1933ರಲ್ಲಿ, ಅಧ್ಯಕ್ಷ ಹೂವರ್ ಕಾಲದಲ್ಲಿ, ರಾಷ್ಟ್ರೀಯ ಸ್ಮಾರಕ ಅನ್ನುವ ಹೆಸರಿನಲ್ಲಿ. ರಾಷ್ಟ್ರೀಯ ಉದ್ಯಾನ ಆಗಿದ್ದು 2019ರ ಡಿಸೆಂಬರಿನಲ್ಲಿ. ಕುಡಿಯುವ ನೀರು ಸಿಗುವುದು ಈ ಕಟ್ಟಡದಲ್ಲಿ ಮಾತ್ರ. ಮುಂದೆ ಎಲ್ಲೂ ಇಲ್ಲ. ನಾವು ಇದ್ದ ಬಾಟಲಿಗಳನ್ನೆಲ್ಲಾ ತುಂಬಿಸಿಕೊಂಡೆವು. ಒಳಗೆ ಹಳೆಯ ಹೆಜ್ಜೆಗುರುತುಗಳ ಬಗ್ಗೆ ಚಿತ್ರ, ಬರಹ ಇದ್ದವು. ನಾನು ಅವುಗಳ ಮುಂದೆ ಬಹಳ ಹೊತ್ತು ನಿಂತೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಲ್ಲಿಂದ ಎಂಟು ಮೈಲಿ ರಸ್ತೆ ದಿಬ್ಬಗಳ ಒಳಗೆ ಹೋಗುತ್ತದೆ. ಮೊದಲು ಡಾಂಬರು. ಆಮೇಲೆ ಡಾಂಬರು ಮುಗಿದು, ಬಿಗಿಯಾಗಿ ಕೂತ ಬಿಳಿ ಮರಳೇ ರಸ್ತೆ. ಎರಡೂ ಪಕ್ಕ ಬಿಳಿ ಗೋಡೆ. ಗಾಳಿ ರಸ್ತೆಯ ಮೇಲೆ ಮರಳು ತಂದು ಸುರಿಯುತ್ತಲೇ ಇರುತ್ತದೆ, ಪಾರ್ಕಿನವರು ಯಂತ್ರದಲ್ಲಿ ಗೋರಿ ಪಕ್ಕಕ್ಕೆ ಹಾಕುತ್ತಲೇ ಇರುತ್ತಾರೆ. ಬಿಸಿಲು ಕೆಳಗಿನಿಂದಲೂ ಕಣ್ಣಿಗೆ ಹೊಡೆಯುತ್ತದೆ. ಕಪ್ಪು ಕನ್ನಡಕ ಬೇಕೇ ಬೇಕು.

ಒಂದು ಕಡೆ ಮರದ ಹಲಗೆ ಹಾಸಿದ ಹಾದಿ ಇದೆ. ಹೋಗಿ ಬರಲು ಸುಮಾರು 650 ಮೀಟರ್. ಗಾಲಿಕುರ್ಚಿಯೂ ಹೋಗುತ್ತದೆ. ಅಮ್ಮನಿಗೆ ಇಷ್ಟು ಸಾಕು ಅಂದುಕೊಂಡೆ. ಅವಳು ಆ ಹಾದಿಯನ್ನು ಮುಗಿಸಿ, ಕಾರು ಮುಂದಕ್ಕೆ ಹೋಗಿ ನಿಂತಲ್ಲಿ ಇಳಿದು, ಚಪ್ಪಲಿ ಬಿಚ್ಚಿ ಕೈಲಿ ಹಿಡಿದಳು. ಬೇಡ ಅನ್ನುವಷ್ಟರಲ್ಲಿ ತಗ್ಗಿನ ಕಡೆ ನಡೆಯತೊಡಗಿದ್ದಳು. ತಗ್ಗಿನ ನೆಲ ಗಟ್ಟಿ, ಕಾಲು ಹುಗಿಯುವುದಿಲ್ಲ. ಅದೂ ಅವಳಿಗೆ ನೋಡಿದ ಕೂಡಲೇ ಗೊತ್ತಾಗಿತ್ತು ಅನಿಸುತ್ತದೆ.

ಅಲ್ಲಿ ಕೂತಾಗಲೇ ಒರತೆಯ ಮಾತು ಬಂದಿದ್ದು.

ಅವಳು ಹೇಳಿದ್ದು ನಿಜ. ಈ ತಗ್ಗುಗಳಲ್ಲಿ ಅಂತರ್ಜಲ ಕೆಲವೇ ಅಡಿ ಕೆಳಗಿದೆ. ಕೆಲವು ಕಡೆ ಅದಕ್ಕಿಂತಲೂ ಮೇಲೆ. ದಿಬ್ಬಗಳ ಒಳಗೂ ತೇವವೇ. ಹೊರಗಿನ ಪದರವಷ್ಟೇ ಒಣಗಿ ಗಾಳಿಗೆ ಹಾರುತ್ತದೆ. ಆ ತೇವವೇ ಮರಳನ್ನು ಹಿಡಿದು ಕೂರಿಸಿದೆ. ಅದು ಇಳಿದುಹೋದರೆ ಇಷ್ಟೂ ಮರಳನ್ನು ಗಾಳಿ ಎತ್ತಿಕೊಂಡು ಹೋಗುತ್ತದೆ. ಸುಮಾರು 710 ಚದರ ಕಿಲೋಮೀಟರ್ ಮರಳು ಇದು. ಜಿಪ್ಸಂ ಮರಳಿನ ದಿಬ್ಬಗಳು ಇಷ್ಟು ದೊಡ್ಡದಾಗಿ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಇದರಲ್ಲಿ ಪಾರ್ಕಿನ ಪಾಲು ಅರ್ಧಕ್ಕಿಂತ ಕಡಿಮೆ, ಉಳಿದದ್ದು ಸೇನೆಯ ಜಾಗದಲ್ಲಿದೆ. ಇಷ್ಟನ್ನೂ ನಿಲ್ಲಿಸಿರುವುದು ಕಣ್ಣಿಗೆ ಕಾಣದ ಒಂದಿಷ್ಟು ನೀರು.

"ಕುಡಿಯಬಹುದಾ?" ಅಂತ ಕೇಳಿದಳು ಅಮ್ಮ. ಆಗಲ್ಲ. ಬೆಟ್ಟದಿಂದ ಕರಗಿ ಬಂದ ಖನಿಜ, ಉಪ್ಪು ಎಲ್ಲಾ ಅದರಲ್ಲಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಉಂಡೆಯನ್ನು ಪುಟ್ಟಿಯ ಕೈಯಲ್ಲಿಟ್ಟಳು.

ಇವರು, ನನ್ನ ಗಂಡ, ಸಿವಿಲ್ ಇಂಜಿನಿಯರ್. ಜಿಪ್ಸಂ ಅಂದ ಕೂಡಲೇ ಮಾತು ಶುರು ಮಾಡಿದರು. ಸಿಮೆಂಟ್ ತೀರಾ ಬೇಗ ಗಟ್ಟಿಯಾಗದಿರಲಿ ಅಂತ ಅದರಲ್ಲಿ ಬೆರೆಸುವುದು ಇದನ್ನೇ. ಇದನ್ನು ಕಾಸಿದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಶೇಂಗಾ ಹೊಲಕ್ಕೆ ಹಾಕುವುದೂ ಇದನ್ನೇ ಅಂತ ಅಮ್ಮ ಸೇರಿಸಿದಳು. ಸಾಮಾನ್ಯವಾಗಿ ಮರಳು ಅಂದರೆ ಕ್ವಾರ್ಟ್ಜ್, ಗಾಜಿನ ಹಾಗೆ ಗಡಸು. ಜಿಪ್ಸಂ ಎಷ್ಟು ಮೆತ್ತಗೆ ಅಂದರೆ ಅದರ ಹರಳಿನ ಮೇಲೆ ಉಗುರಿನಿಂದ ಗೀರಬಹುದು. ನೀರಿಗೆ ಸಿಕ್ಕರೆ ಕರಗುತ್ತದೆ. ಅದಕ್ಕೇ ಜಿಪ್ಸಂ ಮರಳು ಬೇರೆ ಕಡೆ ಉಳಿಯುವುದು ಅಪರೂಪ. ಮಳೆ ಬಂದರೆ ಕರಗಿ ಹೊಳೆ ಸೇರಿ ಸಮುದ್ರಕ್ಕೆ ಹೋಗಿಬಿಡುತ್ತದೆ. ಇಲ್ಲಿ ಹೊಳೆಗೆ ದಾರಿ ಇಲ್ಲದ್ದರಿಂದ ಉಳಿದುಕೊಂಡಿದೆ.

ಬೆಟ್ಟದ ಜಿಪ್ಸಂ ಹುಟ್ಟಿದ್ದು ಸಮುದ್ರದಲ್ಲಿ. ಇಪ್ಪತ್ತೈದು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದು ಆರಿ ಉಳಿದ ಪದರಗಳು ಆಮೇಲೆ ಬೆಟ್ಟವಾಗಿ ಎದ್ದವು. ಈಗ ಮಳೆ ಆ ಬೆಟ್ಟವನ್ನು ಕರಗಿಸಿ ತಗ್ಗಿಗೆ ತರುತ್ತದೆ. ತಗ್ಗಿನಲ್ಲಿ ಲುಸೆರೊ ಅನ್ನುವ ಕೆರೆಯ ಅಂಗಳವಿದೆ. ಅಲ್ಲಿ ನೀರು ಆರಿ ಸೆಲನೈಟ್ ಅನ್ನುವ ಹರಳುಗಳಾಗುತ್ತವೆ. ಜೇನಿನ ಬಣ್ಣದ, ಹಾಳೆ ಹಾಳೆಯಾಗಿ ಏಳುವ ಹರಳು. ಚಳಿಗೆ, ಬಿಸಿಲಿಗೆ, ಗಾಳಿಗೆ ಅವು ಒಡೆದು ಸಣ್ಣದಾಗಿ ಕೊನೆಗೆ ಮರಳಾಗುತ್ತವೆ. ಹರಳಿಗೆ ಬಿಳಿ ಬಣ್ಣವಿಲ್ಲ. ಕಣಗಳು ಒಂದಕ್ಕೊಂದು ಉಜ್ಜಿ ಮೈತುಂಬಾ ಗೀರಾಗಿ, ಬೆಳಕನ್ನು ಎಲ್ಲಾ ಕಡೆಗೂ ಚೆಲ್ಲುವುದರಿಂದ ಬೆಳ್ಳಗೆ ಕಾಣುತ್ತವೆ.

ಇವರು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಜಿಪ್ಸಂನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ನೀರೇ ಅಂತೆ. ಹರಳಿನ ಕಟ್ಟಿನಲ್ಲೇ ಸೇರಿಹೋಗಿರುವ ನೀರು. ಮುಟ್ಟಿದರೆ ಒದ್ದೆಯಾಗುವುದಿಲ್ಲ, ಬಿಸಿಲಲ್ಲಿಟ್ಟರೆ ಸುಲಭಕ್ಕೆ ಹೋಗುವುದಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾಡುವಾಗ ಕಾಸಿ ಓಡಿಸುವುದು ಆ ನೀರಿನ ಮುಕ್ಕಾಲು ಪಾಲನ್ನು. ನಾನು ಒಂದು ಚಿಟಿಕೆ ಒಣಮರಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಈ ಒಣ ಮರಳಿನೊಳಗೂ ನೀರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದರು ಅನ್ನುತ್ತಾರಲ್ಲ, ಹಾಗೆ ನಾವು ಬಾಟಲಿ ಎಣಿಸುತ್ತಾ ಕೂತಿದ್ದೆವು.

ಮಧ್ಯಾಹ್ನ ಪುಟ್ಟಿಯನ್ನು ಜಾರಿಸುವ ಕೆಲಸ. ಇಲ್ಲಿಗೆ ಬಂದ ಮಕ್ಕಳೆಲ್ಲಾ ದುಂಡನೆಯ ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೂತು ದಿಬ್ಬದಿಂದ ಜಾರುತ್ತಾರೆ. ತಟ್ಟೆಯ ತಳಕ್ಕೆ ಮೇಣ ಉಜ್ಜಬೇಕು, ಇಲ್ಲದಿದ್ದರೆ ನಡುವೆಯೇ ನಿಂತುಬಿಡುತ್ತದೆ. ದೊಡ್ಡ ದಿಬ್ಬಗಳು 60 ಅಡಿವರೆಗೂ ಇವೆ. ನಾವು ಹತ್ತಿದ್ದು ಚಿಕ್ಕದು. ಬರಿಗಾಲಿಗೆ ಮರಳು ತಣ್ಣಗಿತ್ತು. ನಡುಬೇಸಿಗೆಯಲ್ಲೂ ಇಲ್ಲಿ ಬರಿಗಾಲಲ್ಲಿ ನಡೆಯಬಹುದಂತೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಒಳಗಿನ ತೇವ ಆರುತ್ತಾ ಮರಳನ್ನು ತಣ್ಣಗಿಡುತ್ತದೆ.

ಪುಟ್ಟಿ ಮೊದಲ ಸಲ ನನ್ನ ಮಡಿಲಲ್ಲಿ ಕೂತು ಜಾರಿದಳು. ಎರಡನೇ ಸಲ ಅಪ್ಪನ ಮಡಿಲು. ಮೂರನೆಯ ಸಲಕ್ಕೆ "ನಾನೇ, ನಾನೇ" ಅಂದಳು. ತಟ್ಟೆ ಅರ್ಧಕ್ಕೆ ಬಂದು ತಿರುಗಿ ಅವಳನ್ನು ಮಗುಚಿತು. ಮೈತುಂಬಾ ಮರಳು, ರೆಪ್ಪೆಯ ಮೇಲೂ. ಅಳುತ್ತಾಳೆ ಅಂದುಕೊಂಡರೆ ಎದ್ದು ತನ್ನ ಕಾಲು ನೋಡಿಕೊಂಡಳು. ಒಂದು ಹೆಜ್ಜೆ ಇಟ್ಟಳು, ಹಿಂತಿರುಗಿ ಅದರ ಗುರುತು ನೋಡಿದಳು. ಇನ್ನೊಂದು ಹೆಜ್ಜೆ, ಮತ್ತೆ ನೋಡಿದಳು. "ಪುಟ್ಟಿ ಕಾಲು" ಅಂದಳು. ಗಾಳಿ ಸಣ್ಣಗೆ ಬೀಸುತ್ತಿತ್ತು. ಅವಳು ನೋಡುತ್ತಿದ್ದಂತೆಯೇ ಗುರುತಿನ ಅಂಚು ಉದುರಿ, ಹಳ್ಳ ತುಂಬಿ, ಬೆರಳುಗಳು ಹೋದವು. ಆಮೇಲೆ ಹಿಮ್ಮಡಿಯೂ ಹೋಯಿತು. ಮುಖವೆತ್ತಿ ನನ್ನನ್ನು ನೋಡಿದಳು. ನಾನು ತಟ್ಟೆ ಎತ್ತಿಕೊಂಡು ಅವಳನ್ನು ಮತ್ತೆ ಮೇಲಕ್ಕೆ ಕರೆದುಕೊಂಡು ಹೋದೆ.

ಅಷ್ಟರಲ್ಲಿ ಅಮ್ಮ ಒಂದು ಗಿಡದ ಹತ್ತಿರ ನಿಂತಿದ್ದಳು. ಕತ್ತಾಳೆಯ ಹಾಗೆ ಚೂಪು ಎಲೆಯ ಗೊಂಚಲು, ಮರಳಿನ ಮೇಲೆ ಮೊಳಕಾಲಷ್ಟು ಎತ್ತರ. ಇದು ಯುಕ್ಕಾ. ನೋಡಲು ಪುಟ್ಟ ಗಿಡ, ಆದರೆ ನಾವು ಕಂಡಿದ್ದು ತಲೆ ಮಾತ್ರ. ದಿಬ್ಬ ಇದರ ಮೇಲೆ ಏರುತ್ತಾ ಬಂದಹಾಗೆ ಇದು ಕಾಂಡವನ್ನು ಉದ್ದ ಮಾಡುತ್ತಾ ಹೋಗುತ್ತದೆ. ವರ್ಷಕ್ಕೆ ಒಂದಡಿವರೆಗೂ ಬೆಳೆಯಬಲ್ಲದು. ಎಲೆ ಮರಳಿನ ಮೇಲಿದ್ದರೆ ಸರಿ, ಕೆಳಗೆ ಎಷ್ಟೇ ಹೂತುಹೋಗಲಿ. ಅಪಾಯ ಬರುವುದು ದಿಬ್ಬ ಮುಂದಕ್ಕೆ ಹೋದಾಗ. ಇಲ್ಲಿನ ದಿಬ್ಬಗಳು ನಿಂತಲ್ಲಿ ನಿಲ್ಲುವುದಿಲ್ಲ. ಜೋರಾಗಿ ಚಲಿಸುವವು ವರ್ಷಕ್ಕೆ 30 ಅಡಿವರೆಗೂ ಹೋಗುತ್ತವೆ, ಈಶಾನ್ಯ ದಿಕ್ಕಿಗೆ. ದಿಬ್ಬ ಸರಿದ ಮೇಲೆ ಆ ಉದ್ದನೆಯ ಕಾಂಡಕ್ಕೆ ಆಸರೆ ಇಲ್ಲ, ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಹಾಗೆ ಬಿದ್ದ ಒಂದು ಪಕ್ಕದ ತಗ್ಗಿನಲ್ಲೇ ಇತ್ತು, ಒಣಗಿ ಬೂದಿಬಣ್ಣಕ್ಕೆ ತಿರುಗಿತ್ತು. ಇದರ ಬೇರಿನಿಂದ ಇಲ್ಲಿನ ಮೂಲನಿವಾಸಿಗಳು ಸೋಪು ಮಾಡುತ್ತಿದ್ದರು ಅಂದೆ. "ನಮ್ಮ ಅಂಟುವಾಳದ ಹಾಗೆ" ಅಂದಳು ಅಮ್ಮ. ಬಿದ್ದ ಗಿಡವನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತಳು.

ಇನ್ನೂ ಮುಂದೆ ಒಂದು ತಗ್ಗಿನಲ್ಲಿ ಕಾಟನ್‌ವುಡ್ ಮರವಿತ್ತು. ನವೆಂಬರ್ ಆದ್ದರಿಂದ ಎಲೆಯೆಲ್ಲಾ ಅರಿಸಿನ. ಆ ಬಿಳುಪಿನ ನಡುವೆ ಅಷ್ಟು ಹಳದಿ. ಮರುಭೂಮಿಯಲ್ಲಿ ಹೊಳೆದಂಡೆಯ ಮರ ನಿಂತಿದೆ ಅಂದರೆ ಬೇರು ನೀರು ಮುಟ್ಟಿದೆ ಅಂತಲೇ ಅರ್ಥ.

ದೂರದ ನಡಿಗೆಯ ಹಾದಿ ರಸ್ತೆಯ ಕೊನೆಯಲ್ಲಿದೆ. ಆಲ್ಕಲಿ ಫ್ಲಾಟ್ ಅಂತ ಹೆಸರು, ಸುತ್ತಿ ಬಂದರೆ ಐದು ಮೈಲಿ. ನೆರಳಿಲ್ಲ, ನೀರಿಲ್ಲ. ಮರಳಲ್ಲಿ ನೆಟ್ಟ ಕಂಬಗಳೇ ದಾರಿ ತೋರಬೇಕು. ಒಂದು ಕಂಬದಿಂದ ಮುಂದಿನ ಕಂಬ ಕಾಣದಿದ್ದರೆ ಮುಂದಕ್ಕೆ ಹೋಗಬೇಡಿ ಅನ್ನುತ್ತಾರೆ. ಕೆಲವು ವರ್ಷಗಳ ಹಿಂದೆ, ಬೇಸಿಗೆಯಲ್ಲಿ, ಇದೇ ಹಾದಿಯಲ್ಲಿ ಒಂದು ಮಗುವಿನ ತಂದೆ ತಾಯಿ ಇಬ್ಬರೂ ಬಿಸಿಲಿಗೆ ತೀರಿಕೊಂಡರು. ಮಗು ಉಳಿಯಿತು. ತಾವು ಒಂದು ಗುಟುಕು ಕುಡಿದರೆ ಮಗುವಿಗೆ ಎರಡು ಗುಟುಕು ಕೊಟ್ಟಿದ್ದರು ಅಂತ ಆಗ ಸುದ್ದಿಯಲ್ಲಿ ಬಂದಿತ್ತು. ನಾನು ಇದನ್ನು ಅಮ್ಮನಿಗೆ ಹೇಳಲಿಲ್ಲ. ಕಾಲುಗಂಟೆ ಆ ಹಾದಿಯಲ್ಲಿ ನಡೆದು, ಎರಡನೇ ದಿಬ್ಬದ ಮೇಲಿಂದ ಹಿಂತಿರುಗಿದಾಗ, ಕಾರು ನಿಲ್ಲಿಸಿದ ಜಾಗ ಯಾವ ಕಡೆ ಅನ್ನುವುದು ಒಂದು ಕ್ಷಣ ನನಗೇ ಹೊಳೆಯಲಿಲ್ಲ. ಎಲ್ಲಾ ಕಡೆಯೂ ಒಂದೇ. ಎದೆ ಡವಡವ ಅಂದಿತು. ಆಮೇಲೆ ಕಂಬ ಕಂಡಿತು.

ಈ ಬಯಲಿನ ಬಗ್ಗೆ ಬರೆಯುವಾಗ ಇನ್ನೊಂದನ್ನು ಬಿಡಲಾಗುವುದಿಲ್ಲ. ಇಲ್ಲಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, 1945ರ ಜುಲೈ 16ರ ಬೆಳಗಿನ ಜಾವ, ಪ್ರಪಂಚದ ಮೊದಲ ಅಣುಬಾಂಬನ್ನು ಸಿಡಿಸಿ ನೋಡಿದರು. ಮೂರು ವಾರದ ಮೇಲೆ ಹಿರೋಶಿಮಾ. ಸುತ್ತಲಿನ ಹಳ್ಳಿಗಳ ಜನಕ್ಕೆ ಯಾರೂ ಮುಂಚಿತವಾಗಿ ಹೇಳಿರಲಿಲ್ಲ. ಬೂದಿ ಅವರ ಹೊಲದ ಮೇಲೆ, ಅವರು ಮಳೆನೀರು ಹಿಡಿದಿಡುತ್ತಿದ್ದ ತೊಟ್ಟಿಗಳ ಮೇಲೆ ಬಿತ್ತು. ನ್ಯಾಯ ಕೇಳುತ್ತಾ ಆ ಮನೆತನಗಳು ದಶಕಗಳ ಕಾಲ ಹೋರಾಡಿವೆ. ಪಾರ್ಕಿನಲ್ಲೂ, ಮರಳಲ್ಲಿ ಲೋಹದ ವಸ್ತು ಕಂಡರೆ ಮುಟ್ಟಬೇಡಿ ಅನ್ನುವ ಎಚ್ಚರಿಕೆ ಇದೆ. ಹಳೆಯ ಸಿಡಿಮದ್ದು ಇರಬಹುದು. ಪುಟ್ಟಿ ಏನನ್ನಾದರೂ ಹೆಕ್ಕಲು ಬಗ್ಗಿದಾಗೆಲ್ಲಾ ನಾನು ಓಡುತ್ತಿದ್ದೆ.

ನಾಲ್ಕು ಗಂಟೆ ಹೊತ್ತಿಗೆ ಅವಳ ಶಕ್ತಿ ಮುಗಿಯಿತು. "ಎತ್ಕೋ" ಅಂದಳು. ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡೆ. ಒಣಮರಳಲ್ಲಿ ಮಗುವನ್ನು ಹೊತ್ತು ನಡೆಯುವುದು ಹೇಗಿರುತ್ತದೆ ಅಂದರೆ, ಇಟ್ಟ ಕಾಲು ಅರ್ಧ ಹೆಜ್ಜೆ ಹಿಂದಕ್ಕೆ ಬರುತ್ತದೆ. ನೂರು ಹೆಜ್ಜೆಗೆ ಉಸಿರು. ಕೆಳಗಿಳಿಸಿದೆ, ಅವಳು ನಾಲ್ಕು ಹೆಜ್ಜೆ ನಡೆದಳು, ಮತ್ತೆ "ಎತ್ಕೋ". ಮತ್ತೆ ಎತ್ತಿದೆ. ಆಗ ಬೆಳಿಗ್ಗೆ ನೋಡಿದ ಹೆಜ್ಜೆಗುರುತುಗಳು ನೆನಪಾದವು.

ಆರಿದ ಸರೋವರದ ಅಂಗಳದಲ್ಲಿ ಸಾವಿರಾರು ಹೆಜ್ಜೆಗುರುತುಗಳು ಸಿಕ್ಕಿವೆ. ಮನುಷ್ಯರವು, ಆನೆಯ ಜಾತಿಯ ಮ್ಯಾಮತ್‌ಗಳವು, ನೆಲದ ಮೇಲೆ ಓಡಾಡುತ್ತಿದ್ದ ದೈತ್ಯ ಸ್ಲಾತ್‌ಗಳವು. ಕೆಲವು ಮನುಷ್ಯರ ಗುರುತುಗಳಿಗೆ 21,000ದಿಂದ 23,000 ವರ್ಷ ವಯಸ್ಸು ಅಂತ 2021ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದೇ ಪದರಗಳಲ್ಲಿ ಸಿಕ್ಕ ನೀರುಸಸ್ಯದ ಬೀಜಗಳ ವಯಸ್ಸನ್ನು ಅಳೆದು ಹಾಗೆ ಹೇಳಿದ್ದು. ಕೆಲವರು ಒಪ್ಪಲಿಲ್ಲ. 2023ರಲ್ಲಿ ಪರಾಗವನ್ನೂ ಮರಳ ಕಣಗಳನ್ನೂ ಬೇರೆ ಬೇರೆ ವಿಧಾನದಲ್ಲಿ ಪರೀಕ್ಷಿಸಿದಾಗ ಅದೇ ವಯಸ್ಸು ಬಂತು. ಅಮೆರಿಕ ಖಂಡಕ್ಕೆ ಮನುಷ್ಯ ಬಂದಿದ್ದು ಅಷ್ಟು ಹಿಂದೆ ಅಂತ ಅದುವರೆಗೆ ನಂಬಿದವರು ಕಡಿಮೆ. ಆ ಗುರುತುಗಳಿರುವಲ್ಲಿಗೆ ನಮ್ಮಂಥ ಪ್ರವಾಸಿಗರನ್ನು ಬಿಡುವುದಿಲ್ಲ. ತೀರಾ ಸೂಕ್ಷ್ಮ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಾಲು. ಅದರ ವಿವರ 2020ರಲ್ಲಿ ಪ್ರಕಟವಾಯಿತು. ಕನಿಷ್ಠ 10,000 ವರ್ಷ ಹಳೆಯದು. ಒಬ್ಬಳು ಹೆಂಗಸು, ಇಲ್ಲವೇ ಹರೆಯದ ಹುಡುಗನೋ ಹುಡುಗಿಯೋ, ಕೆಸರಿನಲ್ಲಿ ನಡೆದುಹೋಗಿದ್ದು. ಒಂದೂವರೆ ಕಿಲೋಮೀಟರ್ ಉದ್ದಕ್ಕೂ ಗುರುತು ಹಾಗೇ ಇದೆ. ಅಲ್ಲಲ್ಲಿ ಆ ಹೆಜ್ಜೆಗಳ ಪಕ್ಕದಲ್ಲಿ ಪುಟ್ಟ ಪಾದದ ಗುರುತು ಇದ್ದಕ್ಕಿದ್ದಂತೆ ಕಾಣಿಸಿಕೊಂಡು ಮತ್ತೆ ಮಾಯವಾಗುತ್ತದೆ. ಮೂರು ವರ್ಷದ ಒಳಗಿನ ಮಗುವಿನದ್ದು. ಎತ್ತಿಕೊಂಡು ಹೋಗುತ್ತಾ, ಕೈ ಸೋತಾಗ ಕೆಳಗಿಳಿಸಿ, ಮತ್ತೆ ಎತ್ತಿಕೊಂಡಿದ್ದಾರೆ. ಹೊರೆ ಹೊತ್ತ ಕಾಲು ಹೊರಕ್ಕೆ ತಿರುಗಿ, ಗುರುತು ಬಾಳೆಹಣ್ಣಿನ ಹಾಗೆ ಬಾಗಿದೆ. ಜಾರುವ ಕೆಸರಿನಲ್ಲೂ ನಡಿಗೆ ಬಹಳ ಬಿರುಸು. ಅದೇ ದಾರಿಯಲ್ಲಿ ವಾಪಸ್ ಬಂದ ಗುರುತೂ ಇದೆ. ವಾಪಸ್ ಬರುವಾಗ ಮಗು ಇಲ್ಲ. ಹೋಗುವುದಕ್ಕೂ ಬರುವುದಕ್ಕೂ ನಡುವೆ ಆ ಹೆಜ್ಜೆಗಳನ್ನು ಒಂದು ಮ್ಯಾಮತ್ ತುಳಿದು ದಾಟಿದೆ, ಒಂದು ಸ್ಲಾತ್ ದಾಟಿದೆ. ಮ್ಯಾಮತ್ ತಲೆ ಕೆಡಿಸಿಕೊಂಡಿಲ್ಲ. ಸ್ಲಾತ್ ಮಾತ್ರ ಮನುಷ್ಯರ ಸುಳಿವು ಸಿಕ್ಕಿ ನಿಂತು, ಹಿಂಗಾಲ ಮೇಲೆ ಎದ್ದು, ಸುತ್ತ ನೋಡಿದಂತಿದೆ.

ಯಾರ ಹತ್ತಿರ ಬಿಟ್ಟು ಬಂದಳು ಮಗುವನ್ನು? ಅಷ್ಟು ಅವಸರ ಏಕಿತ್ತು? ಅಜ್ಜಿಯ ಹತ್ತಿರ ಇರಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಬೇರೆ ಯಾವ ಉತ್ತರವನ್ನೂ ಯೋಚಿಸಲು ಮನಸ್ಸು ಬರಲಿಲ್ಲ.

ಈ ಗುರುತುಗಳು ಉಳಿದಿದ್ದು ನೆಲ ಒದ್ದೆಯಾಗಿದ್ದರಿಂದ. ಸರೋವರದ ಅಂಚಿನ ಕೆಸರು ಪಾದವನ್ನು ಅಚ್ಚಿನಂತೆ ಹಿಡಿದುಕೊಂಡಿತು, ಮೇಲೆ ಮಣ್ಣು ಕೂತು ಮುಚ್ಚಿತು. ಇವತ್ತಿಗೂ ಕೆಲವು ಗುರುತುಗಳು ನೆಲದ ತೇವ ಸರಿಯಾದ ಹದಕ್ಕೆ ಬಂದಾಗ ಮಾತ್ರ ಕಾಣಿಸುತ್ತವೆ. ತೀರಾ ಒಣಗಿದರೆ ಇಲ್ಲ, ತೀರಾ ಒದ್ದೆಯಾದರೂ ಇಲ್ಲ. ಅದಕ್ಕೇ ವಿಜ್ಞಾನಿಗಳು ಅವಕ್ಕೆ ದೆವ್ವದ ಹೆಜ್ಜೆ ಅಂತ ಹೆಸರಿಟ್ಟಿದ್ದಾರೆ. ಆದರೆ ಮೇಲಿನ ಮಣ್ಣು ಕೊಚ್ಚಿಹೋಗಿ ಒಮ್ಮೆ ಬಯಲಿಗೆ ಬಂದ ಗುರುತು ಬಹಳ ಕಾಲ ಉಳಿಯುವುದಿಲ್ಲ, ಗಾಳಿ ಅಳಿಸಿಬಿಡುತ್ತದೆ. ಅಷ್ಟರೊಳಗೆ ಅಳತೆ ತೆಗೆದು, ಫೋಟೋ ಹಿಡಿದು ಮುಗಿಸಬೇಕು.

ಇದು ನನಗೆ ತುಂಬಾ ಸಂಕಟದ ವಿಷಯ. ಈ ಜಾಗದ ಮರಳು, ಮರ, ಹಳೆಯ ಹೆಜ್ಜೆ ಎಲ್ಲವೂ ನಿಂತಿರುವುದು ಆ ಒಂದಿಷ್ಟು ತೇವದ ಮೇಲೆ. ಬಯಲಿನ ಅಂಚಿನ ಊರುಗಳಿಗೂ ನೀರು ಬೇಕು. ಬೇಸಿಗೆಗಳು ಬಿಸಿಯಾಗುತ್ತಿವೆ. ಬೇಲಿ ಹಾಕಿ ಪಾರ್ಕನ್ನು ಕಾಯಬಹುದು, ಕೆಳಗಿನ ನೀರಿಗೆ ಬೇಲಿ ಹಾಕುವುದು ಹೇಗೆ? ಒರತೆ ಇಂಗಿಹೋದ ಹೊಳೆಯನ್ನು ಅಮ್ಮ ಕಣ್ಣಾರೆ ಕಂಡವಳು. ಮೊದಮೊದಲು ಒಂದು ಮೊಳ ತೋಡಿದರೆ ಸಾಕಿತ್ತು, ಆಮೇಲೆ ಎರಡು ಮೊಳ, ಆಮೇಲೆ ಆಳು ಇಳಿಯುವಷ್ಟು. ಆಮೇಲೆ ತೋಡುವುದನ್ನೇ ಬಿಟ್ಟರು. ಇದನ್ನು ಅವಳು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಹೇಳಿದ್ದಳು, ಯಾರನ್ನೂ ದೂರದೆ.

ಹೊತ್ತು ಇಳಿಯಿತು. ಸೂರ್ಯ ಸ್ಯಾನ್ ಆಂಡ್ರೆಸ್ ಬೆಟ್ಟದ ಹಿಂದೆ ಹೋದಮೇಲೆ ಪೂರ್ವದ ಬೆಟ್ಟಕ್ಕೆ ಗುಲಾಬಿ ಬಣ್ಣ ಹತ್ತಿತು. ದಿಬ್ಬಗಳ ನೆರಳು ನೀಲಿಯಾಯಿತು. ಅಲ್ಲಲ್ಲಿ ದಿಬ್ಬದ ನೆತ್ತಿಯ ಮೇಲೆ ಜನ ಸುಮ್ಮನೆ ಕೂತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಮರಳು ಬೇಗ ತಣ್ಣಗಾಗುತ್ತಿತ್ತು. ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಕಾರಿಗೆ ವಾಪಸ್ ಬರುವಾಗ ಇವರು ಅಮ್ಮನ ಕೈ ಹಿಡಿದು ಮುಂದೆ ನಡೆದರು. ಬುತ್ತಿಚೀಲ, ಜಾರುವ ತಟ್ಟೆ ಅವರ ಹೆಗಲಿಗೆ. ಪುಟ್ಟಿ ನನ್ನ ಸೊಂಟದ ಮೇಲೆ, ನಿದ್ದೆ ಹೋಗಿ ಬಾಯಿ ತೆರೆದುಕೊಂಡು ನನ್ನ ಹೆಗಲಿಗೆ ಒರಗಿದ್ದಳು. ಮಲಗಿದ ಮಗು ಎಚ್ಚರವಿರುವ ಮಗುವಿಗಿಂತ ಭಾರ. ದಿಬ್ಬ ಇಳಿದು ತಗ್ಗಿನ ಗಟ್ಟಿ ನೆಲಕ್ಕೆ ಬಂದೆವು. ಬೆಳಿಗ್ಗೆ ಅಮ್ಮ ತೋಡಿದ ಗುಂಡಿ ಅಲ್ಲೇ ಇತ್ತು. ಅಂಚು ಕುಸಿದಿರಲಿಲ್ಲ. ಗುಂಡಿಯ ಪಕ್ಕದಲ್ಲಿ ಬೆಳಗಿನ ನಮ್ಮ ಹೆಜ್ಜೆಗಳೂ ಇದ್ದವು. ದಿಬ್ಬದ ಮೇಲೆ ಒಂದೂ ಉಳಿದಿರಲಿಲ್ಲ. ಅಮ್ಮನವು ಅಗಲ, ಹಿಮ್ಮಡಿ ಒಡೆದ ಗುರುತೂ ಬಿದ್ದಿತ್ತು. ಪುಟ್ಟಿಯವು ನನ್ನ ಅಂಗೈಯಷ್ಟೂ ಇಲ್ಲ.

ಅಮ್ಮ ನಿಂತಳು. ನಾನು ದಾಟಿ ಬಂದ ಜಾಗವನ್ನು ಬಗ್ಗಿ ನೋಡಿದಳು.

"ಎಡಗಾಲು ಜಾಸ್ತಿ ಊರಿದೆ ನೋಡು" ಅಂದಳು. "ಒಂದೇ ಕಡೆ ಎತ್ಕೊಂಡಿದ್ದೀಯ ಆಗಲಿಂದ. ಸೊಂಟ ನೋಯುತ್ತೆ ರಾತ್ರಿ."

ನಾನು ಪುಟ್ಟಿಯನ್ನು ಬಲಗಡೆಗೆ ಬದಲಾಯಿಸಿಕೊಂಡೆ.